ಕಾರಣ ಬರೆಯಿರಿ: ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೂ ಕಳಿಸಿದ್ದೇನೆ. ನಿಮ್ಮ ಸಂಸ್ಥೆ ಕೊಡುವ ಅಂಗವೈಕಲ್ಯ ಭತ್ಯೆಗಾಗಿ ಮನೆಯವರ ಪರವಾಗಿ ಅಲೆಯುತ್ತಿರುವ ಅಮೆರಿಕದ ನಮ್ಮ ಜನರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ನಮ್ಮ ಭಾವ ಗೋದಾಮಿನಲ್ಲಿ ದುಡಿದವರು. ಬೆನ್ನು ಕೈಕೊಟ್ಟಿತು, ಕೆಲಸ ಬಿಟ್ಟರು. ಭತ್ಯೆಯ ಅರ್ಜಿ ಎರಡು ಸಲ ತಿರಸ್ಕಾರವಾಗಿ, ಕೊನೆಗೆ ನಿಮ್ಮ ಸಂಸ್ಥೆಯದೇ ನ್ಯಾಯಾಧೀಶರ ಮುಂದೆ ವಿಚಾರಣೆಗೆ ಬಂತು. ಆವತ್ತು ನಾನು ಪಕ್ಕದಲ್ಲೇ ಕೂತಿದ್ದೆ. "ಎಷ್ಟು ಹೊತ್ತು ಕೂರಬಲ್ಲಿರಿ?" ಅಂತ ಕೇಳಿದರು. "ಇಪ್ಪತ್ತು ನಿಮಿಷ" ಅಂದರು ಭಾವ. ಸ್ವಲ್ಪ ಹೊತ್ತಿಗೆ ಎದ್ದು, ಕುರ್ಚಿಯ ಬೆನ್ನು ಹಿಡಿದು ನಿಂತರು. ಉಳಿದದ್ದೆಲ್ಲ ನಿಂತುಕೊಂಡೇ ಮುಗಿಸಿದರು.

ಅಲ್ಲೂ ಅರ್ಜಿ ತಿರಸ್ಕಾರವಾಯಿತು. ತೀರ್ಪಿನಲ್ಲಿ ಭಾವ ಎದ್ದು ನಿಂತ ಮಾತೇ ಇಲ್ಲ. ದಿನದ ಎಂಟು ಗಂಟೆಯಲ್ಲಿ ಸುಮಾರು ಆರು ಗಂಟೆ ಕೂತು ಕೆಲಸ ಮಾಡಬಲ್ಲರು ಅಂತ ಇದೆ. ಆಧಾರ? ಫಿಸಿಯೋಥೆರಪಿಯ ಒಂದು ದಿನದ ಟಿಪ್ಪಣಿ: "ಇವತ್ತು ಪರವಾಗಿಲ್ಲ". ಅದೇ ಫೈಲಿನಲ್ಲಿ ಎರಡು ಪುಟ ತಿರುವಿದರೆ ಮುಂದಿನ ವಾರದ ಟಿಪ್ಪಣಿ ಸಿಗುತ್ತದೆ. ಮೆಟ್ಟಿಲಿಳಿಯುವಾಗ ಕಾಲು ಸೋತು ಬಿದ್ದರು ಅಂತ. ಅದನ್ನು ಯಾಕೆ ಬಿಟ್ಟರು? ಗೊತ್ತಿಲ್ಲ. ಕೊನೆಗೆ ಒಂದು ಸಾಲು: ಅರ್ಜಿದಾರರ ಹೇಳಿಕೆಗಳು ದಾಖಲೆಗಳ ಜೊತೆ ಪೂರ್ತಿಯಾಗಿ ಹೊಂದುವುದಿಲ್ಲ. ನಿಮ್ಮ ತೀರ್ಪುಗಳನ್ನು ಓದಿದವರಿಗೆಲ್ಲ ಈ ಸಾಲು ಬಾಯಿಪಾಠ ಆಗಿರುತ್ತದೆ.

ಅರ್ಜಿ ಒಪ್ಪಲೇಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಒಪ್ಪದಿದ್ದರೆ ಯಾಕೆ ಅನ್ನುವುದನ್ನು ಬರೆಯಬೇಕಿತ್ತು. ಇದೇನೂ ಹೊಸ ಬೇಡಿಕೆಯಲ್ಲ. ಅರ್ಜಿ ತಳ್ಳಿಹಾಕುವಾಗ ಸಾಕ್ಷ್ಯದ ಚರ್ಚೆ ಮತ್ತು ಕಾರಣಗಳನ್ನು ಜನರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಅಂತ ಸೋಶಿಯಲ್ ಸೆಕ್ಯುರಿಟಿ ಕಾಯ್ದೆಯ 205ನೇ ಸೆಕ್ಷನ್ನೇ ಹೇಳುತ್ತದೆ. ನೋವು, ಸುಸ್ತಿನಂಥ ಲಕ್ಷಣಗಳ ಬಗ್ಗೆ ನಿಮ್ಮದೇ ಸಂಸ್ಥೆ 2016ರಲ್ಲಿ ಹೊರಡಿಸಿದ 16-3ಪಿ ರೂಲಿಂಗ್ ಇನ್ನೂ ಸ್ಪಷ್ಟ. ಹೇಳಿಕೆಗಳನ್ನು ಪರಿಗಣಿಸಿದ್ದೇವೆ ಅಂತ ಸುಮ್ನೆ ಒಂದು ಸಾಲು ಬರೆದರೆ ಸಾಲದು, ನಿರ್ದಿಷ್ಟ ಕಾರಣ ಕೊಡಬೇಕು ಅನ್ನುತ್ತದೆ ಅದು.

ನ್ಯಾಯಾಧೀಶರ ಮೇಲಿನ ಒತ್ತಡವೂ ನನಗೆ ಅರ್ಥವಾಗುತ್ತದೆ. ಒಬ್ಬೊಬ್ಬರು ವರ್ಷಕ್ಕೆ 500ರಿಂದ 700 ಪ್ರಕರಣ ಮುಗಿಸಬೇಕು ಅಂತ ನಿಮ್ಮ ಸಂಸ್ಥೆ 2007ರಲ್ಲೇ ಕೇಳಿತ್ತು. ಆದರೆ ಕಾರಣ ಬರೆಯದೆ ಉಳಿಸಿದ ಸಮಯ ಉಳಿಯುವುದಿಲ್ಲ. ಮೇಲಿನ ಕೋರ್ಟು ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ಸಾಕ್ಷ್ಯದಿಂದ ತೀರ್ಮಾನಕ್ಕೆ ಹೇಗೆ ಬಂದರು ಅನ್ನುವುದು ಕಾಣದಿದ್ದರೆ ಫೈಲು ವಾಪಸ್ ಬರುತ್ತದೆ. ಮತ್ತೆ ವಿಚಾರಣೆ, ಮತ್ತೆ ತಿಂಗಳುಗಟ್ಟಲೆ ಕಾಯುವುದು. ಅಷ್ಟು ದಿನ ಆ ಮನೆಗೆ ಆದಾಯ ಎಲ್ಲಿಂದ ಬರಬೇಕು?

ನನಗೆ ಜಾಸ್ತಿ ನೋವಾಗಿದ್ದು ಅಕ್ಕ ಫೈಲಿಗೆ ಕೊಟ್ಟ ಪತ್ರದ ವಿಷಯದಲ್ಲಿ. ಭಾವನಿಗೆ ಸಾಕ್ಸ್ ಹಾಕುವವರು ಯಾರು, ರಾತ್ರಿ ಎಷ್ಟು ಸಲ ಎದ್ದು ಓಡಾಡುತ್ತಾರೆ, ಅಂಗಡಿಗೆ ಹೋದರೆ ಎಲ್ಲೆಲ್ಲಿ ನಿಲ್ಲುತ್ತಾರೆ, ಎಲ್ಲ ಬರೆದಿದ್ದಳು. ತೀರ್ಪಿನಲ್ಲಿ ಅದರ ಹೆಸರೂ ಇಲ್ಲ. 27 ಮಾರ್ಚ್ 2017ರಿಂದ ಸಲ್ಲಿಸಿದ ಅರ್ಜಿಗಳಿಗೆ ಅನ್ವಯಿಸುವ ನಿಯಮದಲ್ಲಿ, ವೈದ್ಯರ ಅಭಿಪ್ರಾಯ ಎಷ್ಟು ನಂಬಲರ್ಹ ಅಂತ ವಿವರಿಸಬೇಕು. ಮನೆಯವರ ಮಾತನ್ನು ಅದೇ ರೀತಿ ವಿವರಿಸಬೇಕಾಗಿಲ್ಲ. ಈ ನಿಯಮ ಬದಲಾಗಬೇಕು. ಡಾಕ್ಟರು ಭಾವನನ್ನು ನೋಡುವುದು ತಿಂಗಳಿಗೆ ಹದಿನೈದು ನಿಮಿಷ. ಅಕ್ಕ ಹಗಲೂ ರಾತ್ರಿ ನೋಡುತ್ತಾಳೆ, ಅಲ್ವಾ?

ನಿಯಮ ಬದಲಾಗುವವರೆಗೂ ನ್ಯಾಯಾಧೀಶರಿಗೆ ಒಂದು ಸೂಚನೆಯನ್ನಾದರೂ ಕಳಿಸಿ. ಒಂದು ಟಿಪ್ಪಣಿಯನ್ನು ಆಧಾರ ಮಾಡಿಕೊಂಡರೆ ಅದಕ್ಕೆ ವಿರುದ್ಧವಾದ ಟಿಪ್ಪಣಿಯ ಪುಟಸಂಖ್ಯೆಯನ್ನೂ ಕೊಡಲಿ, ಅದನ್ನು ಯಾಕೆ ಒಪ್ಪಲಿಲ್ಲ ಅಂತ ಹೇಳಲಿ. ವಿಚಾರಣೆಯಲ್ಲಿ ಕಣ್ಣಾರೆ ಕಂಡದ್ದನ್ನು ದಾಖಲಿಸಲಿ.

60 ದಿನದ ಗಡುವಿನೊಳಗೆ, ನ್ಯಾಯಾಧೀಶರ ತೀರ್ಪನ್ನು ಮರುಪರಿಶೀಲಿಸುವ ನಿಮ್ಮ ಸಂಸ್ಥೆಯ ಅಪೀಲ್ಸ್ ಕೌನ್ಸಿಲ್‌ಗೆ ಮನವಿ ಸಲ್ಲಿಸಿದ್ದೇವೆ. ಅಕ್ಕನ ಪತ್ರ ಫೈಲಿನಲ್ಲೇ ಇದೆ, ನಾಲ್ಕು ಪುಟ. ಮುಂದಿನ ಸಲವೂ ಒಪ್ಪದಿದ್ದರೆ, ಓದಿದೆವು, ಇಂಥ ಕಾರಣಕ್ಕೆ ಒಪ್ಪಲಿಲ್ಲ ಅಂತ ಅವಳಿಗೆ ತಿಳಿಯುವ ಹಾಗೆ ಬರೆಯಿಸಿ.

ಇಂತಿ,
ಅರ್ಜಿದಾರರ ಭಾವಮೈದುನ