ಹಾಡಿನ ವಿಡಿಯೊದಲ್ಲಿ ಹೆಣ್ಣಿನ ಮೈಬಣ್ಣ

ಮಾನ್ಯ ಸಂಪಾದಕರೇ,

ಜನಪ್ರಿಯ ಹಾಡುಗಳ ವಿಡಿಯೊಗಳಲ್ಲಿ ಹೆಣ್ಣನ್ನು ತೋರಿಸುವ ರೀತಿಯ ಚರ್ಚೆ ನಮ್ಮಲ್ಲಿ ಅಶ್ಲೀಲತೆಯ ಮಾತಿಗೇ ನಿಂತುಬಿಡುತ್ತದೆ, ಮೈಬಣ್ಣದ ಪ್ರಶ್ನೆ ಹಿಂದೆ ಸರಿಯುತ್ತದೆ. ಇವೆರಡನ್ನೂ ಬೇರ್ಪಡಿಸಲಾಗದು ಎಂಬುದನ್ನು 2004ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿರುವ, ಕಪ್ಪು ವರ್ಣೀಯ ಹೆಣ್ಣುಮಕ್ಕಳ ಸ್ಪೆಲ್ಮನ್ ಕಾಲೇಜಿನ ವಿದ್ಯಾರ್ಥಿನಿಯರು ತೋರಿಸಿಕೊಟ್ಟಿದ್ದರು. ರ‍್ಯಾಪ್ ಗಾಯಕ ನೆಲ್ಲಿಯ ವಿಡಿಯೊವೊಂದರಲ್ಲಿ ಕಪ್ಪು ಯುವತಿಯ ಪೃಷ್ಠದ ನಡುವೆ ಕ್ರೆಡಿಟ್ ಕಾರ್ಡ್ ಉಜ್ಜುವ ದೃಶ್ಯವಿತ್ತು. ಅದೇ ಗಾಯಕನ ಪ್ರತಿಷ್ಠಾನವು ರಕ್ತ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆ ಗಾಯಕನ ಸೋದರಿ ಹಾಗೂ ಅಂಥ ಇತರ ರೋಗಿಗಳ ಸಲುವಾಗಿ ಆ ಕಾಲೇಜಿನಲ್ಲಿ ಅಸ್ಥಿಮಜ್ಜೆ ದಾನಿಗಳ ನೋಂದಣಿ ಶಿಬಿರ ನಡೆಸಲು ಮುಂದಾದಾಗ, ವಿಡಿಯೊ ಬಗ್ಗೆಯೂ ನಮ್ಮೊಡನೆ ಮಾತನಾಡಬೇಕೆಂದು ವಿದ್ಯಾರ್ಥಿನಿಯರು ಪಟ್ಟು ಹಿಡಿದರು. ಪ್ರತಿಷ್ಠಾನವು ಶಿಬಿರವನ್ನೇ ರದ್ದುಮಾಡಿತು. ಪ್ರಾಣ ಉಳಿಸಲು ಅವರ ದೇಹ ಬೇಕು, ಆ ದೇಹದ ಮಾನದ ಮಾತು ಮಾತ್ರ ಬೇಡ ಎಂಬ ಈ ಧೋರಣೆ ನನ್ನನ್ನು ಇಂದಿಗೂ ಕಲಕುತ್ತದೆ. ಆ ಹುಡುಗಿಯರು ಬಳಿಕ ತಾವೇ ದಾನಿಗಳ ಶಿಬಿರ ನಡೆಸಿದರು ಎಂಬುದನ್ನೂ ಹೇಳಲೇಬೇಕು.

ನಮ್ಮ ದೇಶವೂ ಹೊರತಲ್ಲ. 2020ರಲ್ಲಿ ಹಿಂದಿ ಚಿತ್ರವೊಂದರ ಹಾಡು, ಬೆಳ್ಳನೆಯ ನಾಯಕಿಯನ್ನು ಕಂಡು ಅಮೆರಿಕದ ಕಪ್ಪು ವರ್ಣೀಯ ಗಾಯಕಿ ಬಿಯಾನ್ಸೆಯೇ ನಾಚುತ್ತಾಳೆ ಎಂದು ಹಾಡಿತ್ತು. ಜನ ಖಂಡಿಸಿದ ಮೇಲೆ ಸಾಲು ಬದಲಾಯಿತು. ನಮ್ಮ ಹಾಡುಗಳ ವಿದೇಶಿ ಚಿತ್ರೀಕರಣಗಳಲ್ಲಿ ನಾಯಕ-ನಾಯಕಿಯರ ಹಿಂದೆ ಬಿಳಿ ನರ್ತಕಿಯರ ಸಾಲು ಶ್ರೀಮಂತಿಕೆಯ ಗುರುತಾಗಿ ನಿಂತಿರುತ್ತದೆ. ಮೊನ್ನೆ ನನ್ನ ಹನ್ನೆರಡರ ಮಗಳು ಅಂಥದೊಂದು ಹಾಡು ನೋಡುತ್ತಾ ತನ್ನ ಮುಂಗೈಯನ್ನು ಮೊಬೈಲ್ ಪರದೆಯ ಪಕ್ಕ ಹಿಡಿದು ಬಣ್ಣ ಹೋಲಿಸಿ, ಏನೂ ಹೇಳದೆ ಮಡಚಿದ್ದ ಅಂಗಿಯ ತೋಳನ್ನು ಕೆಳಗಿಳಿಸಿಕೊಂಡಳು.

ತಮ್ಮ ಸಿನಿಮಾ ಪುರವಣಿಯು ಹಾಡುಗಳನ್ನು ವಿಮರ್ಶಿಸುವಾಗ ರಾಗ, ಸಾಹಿತ್ಯಗಳ ಜೊತೆಗೆ ಈ ಅಂಶವನ್ನೂ ಪರಿಗಣಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ತಾಯಿ, ಮೈಸೂರು