ಪಂಚಾಯಿತಿ ಅಭ್ಯರ್ಥಿಗೆ ಎಸ್ಸೆಸ್ಸೆಲ್ಸಿ ಕಡ್ಡಾಯ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುವವರು ಎಸ್ಸೆಸ್ಸೆಲ್ಸಿಯಾದರೂ ಪಾಸಾಗಿರಬೇಕು, ಹಾಗೆಂದು ಕಾನೂನು ತನ್ನಿ ಎಂದು ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ಗುಮಾಸ್ತನ ಕೆಲಸಕ್ಕೆ ಓದು ಕೇಳುತ್ತೇವೆ, ಊರಿನ ದುಡ್ಡು ಖರ್ಚು ಮಾಡುವ ಅಧ್ಯಕ್ಷರಿಗೆ ಓದು ಬೇಡವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ಹೇಳುವ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಗ್ರಾಮ ಪಂಚಾಯಿತಿಗೆ ಮೊದಲಿದ್ದ ಮಂಡಲ ಪಂಚಾಯಿತಿ ಕಾಲದಲ್ಲಿ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ನಿವೃತ್ತನಾದವನು ನಾನು. ಓದಿದ ಅಧ್ಯಕ್ಷರು, ಓದದ ಅಧ್ಯಕ್ಷರು, ಇಬ್ಬರ ಪಕ್ಕದಲ್ಲೂ ಕೂತು ಸಭೆಯ ನಡಾವಳಿ ಬರೆದಿದ್ದೇನೆ. ಆ ಅನುಭವದಿಂದಲೇ ಈ ಪತ್ರ.

ಒಬ್ಬ ಅಧ್ಯಕ್ಷೆಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಮೀಸಲಾತಿಯಲ್ಲಿ ಗೆದ್ದು ಬಂದವರು. ಮನೆಯಲ್ಲಿ ನಾಲ್ಕು ಕುರಿ, ಬಾಕಿ ದಿನ ಕೂಲಿ. ಸಹಿ ಹಾಕುವುದನ್ನು ಮಾತ್ರ ಕಲಿತಿದ್ದರು. ಚೆಕ್ಕಿಗೆ ಪಿಡಿಒ ಸಹಿಯ ಜೊತೆ ಅಧ್ಯಕ್ಷರ ಸಹಿಯೂ ಬೇಕಲ್ಲ, ಅದಕ್ಕೆ. ಆದರೆ ಓದಲು ಬಾರದಿದ್ದರೂ ಕೇಳದೆ ಸಹಿ ಹಾಕಿದವರಲ್ಲ. "ಪೂರ್ತಿ ಓದ್ರಿ ಸಾರ್. ಯಾವ ಓಣೀದು, ಎಷ್ಟು ಉದ್ದ, ಯಾರು ಮಾಡಿದ್ದು?" ಎಂದು ಪ್ರತಿ ಬಿಲ್ಲನ್ನೂ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಒಂದು ಚರಂಡಿ ಬಿಲ್ಲು ಓದುವಾಗ ತಡೆದರು. "ಅದು ಗುಡಿ ತನಕ ಬಂದೇ ಇಲ್ಲ. ಹಿಟ್ಟಿನ ಗಿರಣಿ ಹತ್ರ ನಿಂತದೆ" ಅಂದರು. ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕದಲ್ಲಿ ಗುಡಿಯವರೆಗೂ ಅಳತೆ ಬರೆದಿತ್ತು. ಎಂಜಿನಿಯರ್ ಬಂದು ಟೇಪು ಹಿಡಿದರು. ಆಕೆ ಹೇಳಿದ್ದೇ ಸರಿ. ಬಿಲ್ಲು ಕಡಿತವಾಯಿತು.

ಇನ್ನೊಂದು ಸಲ ಕುಡಿಯುವ ನೀರಿನ ಕೆಲಸ. ಈಗಿರುವ ಪೈಪ್‌ಲೈನನ್ನೇ ಕಾಲೊನಿಯ ಹಿಂದಿನ ಮನೆಗಳವರೆಗೆ ಎಳೆಯುವುದು ಎಂದು ಅಂದಾಜುಪಟ್ಟಿ ತಯಾರಾಗಿತ್ತು. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಆಕೆ ಒಪ್ಪಲಿಲ್ಲ. ಕಾಲೊನಿ ಇರುವುದು ಏರಿನ ಮೇಲೆ. ಕರೆಂಟ್ ಇರುವುದೇ ಸ್ವಲ್ಪ ಹೊತ್ತು. ಅಷ್ಟರಲ್ಲಿ ಕೆಳಗಿನ ಮನೆಯವರು ಎಲ್ಲ ಬಿಂದಿಗೆ ತುಂಬಿಸಿಕೊಳ್ಳುತ್ತಾರೆ, ಕೊನೆಯ ಮನೆಗಳ ನಲ್ಲಿಗೆ ಬರುವುದು ಬರೀ ಗಾಳಿ. "ಪೈಪ್ ಇನ್ನೂ ಉದ್ದ ಮಾಡಿದ್ರೆ ಗಾಳಿ ಇನ್ನೂ ದೂರ ಹೋಗ್ತದೆ ಅಷ್ಟೆ" ಅಂದರು. ನೀರುಗಂಟಿಯನ್ನು ಕರೆಸಿ ಕೇಳಿದೆವು. ಅವನೂ ಹೌದು ಅಂದ. ಕೊನೆಗೆ ಏರಿನ ಮೇಲೆ ಬೇರೆ ಕಿರು ಟ್ಯಾಂಕ್ ಇಟ್ಟು, ಬೇರೆ ವಾಲ್ವ್ ಹಾಕುವುದು ಎಂದು ಯೋಜನೆ ಬದಲಾಯಿತು. ಆ ಮೂಲೆಯ ಮನೆಗಳ ಹೆಂಗಸರು ದೂರದ ಬೋರ್‌ವೆಲ್‌ಗೆ ಅಲೆಯುವುದು ತಪ್ಪಿತು.

ಇದೇನು ಪವಾಡವಲ್ಲ. ಆಕೆ ಆ ಕಾಲೊನಿಯಲ್ಲಿ ಇದ್ದವರು, ಆ ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕಾದವರು. ಎಂಜಿನಿಯರ್ ಓದಿದ್ದು ಸುಳ್ಳಲ್ಲ. ಟ್ಯಾಂಕಿಗೆ ಎಷ್ಟು ಸಿಮೆಂಟ್, ಎಷ್ಟು ಕಬ್ಬಿಣ ಎಂದು ಆಕೆಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅದಕ್ಕೇ ಅಲ್ವಾ ಎಂಜಿನಿಯರ್ ಇರುವುದು? ಆದರೆ ಮೊದಲು ಯಾರ ಓಣಿಗೆ ನೀರು, ಇರುವ ದುಡ್ಡಲ್ಲಿ ಚರಂಡಿ ಮೊದಲೋ ಅಂಗನವಾಡಿಯ ಚಾವಣಿ ಮೊದಲೋ ಎಂಬುದಕ್ಕೆ ಯಾವ ಪರೀಕ್ಷೆಯಲ್ಲೂ ಉತ್ತರ ಇಲ್ಲ. ಅದನ್ನು ಊರೇ ತೀರ್ಮಾನಿಸಬೇಕು. ಊರಿನ ಪರವಾಗಿ ಯಾರು ತೀರ್ಮಾನಿಸಬೇಕು ಎಂದೂ ಊರೇ ಹೇಳಬೇಕು.

ಓದದವರೆಲ್ಲ ಹೀಗೇ ಇದ್ದರು ಎಂದರೆ ಸುಳ್ಳಾಗುತ್ತದೆ. ಅಧ್ಯಕ್ಷೆ ಮನೆಯಲ್ಲೇ ಉಳಿದು, ಗಂಡ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದನ್ನು ನೋಡಿದ್ದೇನೆ. ಚೆಕ್ ಪುಸ್ತಕವನ್ನೇ ಮನೆಗೆ ತರಿಸಿಕೊಂಡು ಸಹಿ ಮಾಡಿಸುತ್ತಿದ್ದರು. ಅದೇ ರೀತಿ ಪದವಿ ಮುಗಿಸಿದ ಒಬ್ಬ ಅಧ್ಯಕ್ಷರು ಕಂಪ್ಯೂಟರ್ ಮುಂದೆ ತಾವೇ ಕೂತು ನರೇಗಾದ ಬಾಕಿ ಕೂಲಿಯನ್ನೆಲ್ಲ ಬೆನ್ನು ಹತ್ತಿ ಬಿಡುಗಡೆ ಮಾಡಿಸಿದ್ದನ್ನೂ ನೋಡಿದ್ದೇನೆ. ಇನ್ನೊಬ್ಬ ಪದವೀಧರರು ತಮ್ಮ ಓದನ್ನೆಲ್ಲ ಸುಳ್ಳು ಬಿಲ್ಲಿಗೆ ಒಪ್ಪುವ ಕಾಗದ ಹೊಂದಿಸುವುದಕ್ಕೇ ಬಳಸಿದರು. ಓದು ಒಳ್ಳೆಯದು, ಬೇಡ ಎಂದು ಯಾರು ಹೇಳುತ್ತಾರೆ? ಓದಿದವರು ಬೇಕು ಅನಿಸಿದರೆ ಮತದಾರ ಅಂಥವರಿಗೇ ಮತ ಹಾಕಲಿ. ಓದದವರು ನಿಲ್ಲಲೇಬಾರದು ಎಂದು ಸರ್ಕಾರ ಬಾಗಿಲು ಹಾಕುವುದು ಬೇರೆ ಮಾತು.

ಈ ಬಾಗಿಲು ಹಾಕುವ ಕೆಲಸ ನಮ್ಮ ದೇಶದಲ್ಲಿ ಆಗಿದೆ. ರಾಜಸ್ಥಾನ 2014ರ ಡಿಸೆಂಬರ್‌ನಲ್ಲಿ, ಚುನಾವಣೆ ಎದುರಿಗೆ ಇರುವಾಗ, ಸುಗ್ರೀವಾಜ್ಞೆ ತಂದಿತು. ಹರಿಯಾಣ 2015ರಲ್ಲಿ ಕಾನೂನು ಮಾಡಿತು. ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೇ ತರಗತಿ, ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿಯ ಗಂಡಸರಿಗೆ ಎಂಟನೇ ತರಗತಿ, ವಾರ್ಡಿಗೆ ನಿಲ್ಲುವ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಿಗೆ ಐದನೇ ತರಗತಿ. ಜೊತೆಗೆ ಸಹಕಾರಿ ಸಾಲ ಬಾಕಿ ಇರಬಾರದು, ಕರೆಂಟ್ ಬಿಲ್ ಬಾಕಿ ಇರಬಾರದು, ಮನೆಯಲ್ಲಿ ಶೌಚಾಲಯ ಇರಬೇಕು. 2015ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಸರಿ ತಪ್ಪು ತಿಳಿಯುವ ಶಕ್ತಿ ಕೊಡುವುದು ವಿದ್ಯೆಯೇ ಎಂದು ತೀರ್ಪು ಹೇಳಿತು. ನ್ಯಾಯಾಲಯದ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಕೆಲಸ ಮಾಡಿದ ಊರುಗಳಲ್ಲಿ ಹಾಗೆ ಕಾಣಲಿಲ್ಲ. ಮುಂದೆ ಸರ್ಕಾರ ಬದಲಾದ ಮೇಲೆ, 2019ರಲ್ಲಿ, ರಾಜಸ್ಥಾನ ತನ್ನ ನಿಯಮವನ್ನು ಕೈಬಿಟ್ಟಿತು.

ಈ ಪಟ್ಟಿಯನ್ನು ಹಿಡಿದು ನಿಮ್ಮ ಊರಿನ ಒಂದು ಓಣಿ ಸುತ್ತಿ ನೋಡಿ. ಯಾರು ಹೊರಗೆ ಉಳಿಯುತ್ತಾರೆ? ನಲವತ್ತು ದಾಟಿದ ಹೆಂಗಸರು. ದಲಿತರು. ಕುರಿ ಕಾಯುತ್ತಾ ಊರೂರು ತಿರುಗಿದವರು. ಹೈಸ್ಕೂಲು ಐದಾರು ಮೈಲಿ ದೂರ ಇದ್ದ ಹಳ್ಳಿಯವರು. ಶಾಲೆ ಕಟ್ಟದೆ ಇದ್ದದ್ದು ಸರ್ಕಾರ, ಅದರ ಶಿಕ್ಷೆ ಆ ಶಾಲೆಗೆ ಹೋಗಲಾಗದವರಿಗೆ. ಇದರಲ್ಲಿ ನನಗೆ ಜಾಸ್ತಿ ನೋವಾಗುವುದು ಇನ್ನೊಂದು ವಿಷಯಕ್ಕೆ. ಈ ಕಾನೂನು ಮಾಡಿದ ಶಾಸಕರಿಗೆ ಇಂಥ ಯಾವ ನಿಯಮವೂ ಇಲ್ಲ. ಸಂಸದರಿಗೂ ಇಲ್ಲ, ಮಂತ್ರಿಗೂ ಇಲ್ಲ. ವಾರ್ಡ್ ಸದಸ್ಯೆಗೆ ಮಾತ್ರ!

ಓದು ಕಡ್ಡಾಯ ಮಾಡಿ ಎನ್ನುವವರು ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪ್ರಸಾದ್ ಅವರ ಮಾತನ್ನು ಎತ್ತುತ್ತಾರೆ. 1949ರ ನವೆಂಬರ್ 26ರಂದು ಸಂವಿಧಾನ ಸಭೆಯಲ್ಲಿ ಅವರು, ಕಾನೂನು ಜಾರಿ ಮಾಡುವವರಿಗೆ ದೊಡ್ಡ ಅರ್ಹತೆ ಕೇಳುತ್ತೇವೆ, ಕಾನೂನು ಮಾಡುವವರಿಗೆ ಆಯ್ಕೆಯಾಗುವುದು ಬಿಟ್ಟು ಬೇರೆ ಅರ್ಹತೆ ಇಲ್ಲ ಎಂದು ಬೇಸರ ಪಟ್ಟಿದ್ದು ನಿಜ. ಆದರೆ ಅವರ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಕಾನೂನು ಮಾಡುವವನಿಗೆ ಬುದ್ಧಿ ಬೇಕು, ಅದಕ್ಕಿಂತ ಹೆಚ್ಚಾಗಿ ಎಲ್ಲವನ್ನೂ ತೂಗಿ ನೋಡುವ ಗುಣ ಬೇಕು, ಸ್ವತಂತ್ರವಾಗಿ ನಡೆದುಕೊಳ್ಳುವ ಗುಣ ಬೇಕು, ಎಲ್ಲಕ್ಕಿಂತ ಮೇಲಾಗಿ ಚಾರಿತ್ರ್ಯ ಬೇಕು, ಅದನ್ನು ಅಳೆಯುವ ಕೋಲು ಯಾರ ಹತ್ತಿರವೂ ಇಲ್ಲ ಎಂದು ಅವರೇ ಹೇಳಿದರು. ಮುಂದಿನ ಆ ಮಾತನ್ನು ಬಿಟ್ಟು ಮೊದಲ ಮಾತನ್ನಷ್ಟೇ ಹಿಡಿದುಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ. ಆ ಹೊತ್ತಿನ ದೇಶ ಹೇಗಿತ್ತು ನೆನೆಸಿಕೊಳ್ಳಿ. 1951ರ ಜನಗಣತಿಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18ರಷ್ಟು. ಆದರೂ ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಟ್ಟರು. ಅಕ್ಷರ ಬಾರದವರಿಗೆ ಗೊತ್ತಾಗಲಿ ಎಂದು ಚಿಹ್ನೆ ಕೊಟ್ಟರು. ಮತದಾರನಿಗೆ ಓದು ಬೇಡ ಎಂದ ದೇಶ ಅದೇ ಮತದಾರನ ಅಕ್ಕನಿಗೆ, ನೀನು ನಿಲ್ಲಬೇಡ ಎನ್ನುವುದು ಯಾವ ನ್ಯಾಯ?

"ವಿಶ್ವೇಶ್ವರಯ್ಯ ಅಂಥವರು ಆಳಬೇಕು ಸಾರ್" ಎಂದು ನಮ್ಮ ಕಡೆ ಟೀ ಅಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ನನಗೂ ಅವರ ಮೇಲೆ ಭಕ್ತಿ ಇದೆ. 1912ರಿಂದ 1918ರವರೆಗೆ ದಿವಾನರಾಗಿ ಅವರು ಮಾಡಿದ್ದನ್ನು ಮೈಸೂರು ಸೀಮೆ ಇವತ್ತಿಗೂ ಉಣ್ಣುತ್ತಿದೆ. ಆದರೆ ಅವರು ದಿವಾನಗಿರಿ ಬಿಟ್ಟ ಸಂದರ್ಭವನ್ನೂ ಮರೆಯಬಾರದು. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಟ್ಟರೆ ದಕ್ಷತೆ ಕೆಡುತ್ತದೆ ಎಂಬುದು ಅವರ ನಂಬಿಕೆ. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಈ ವಿಷಯ ನೋಡಲು ಮಿಲ್ಲರ್ ಸಮಿತಿ ನೇಮಿಸಿದರು, ಆ ಭಿನ್ನಾಭಿಪ್ರಾಯದ ನಡುವೆಯೇ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಹಿಂದುಳಿದವರಿಗೆ ಪಾಲು ಬೇಕು ಎಂದು 1919ರಲ್ಲಿ ಸಮಿತಿ ಹೇಳಿತು. ಅಷ್ಟು ದೊಡ್ಡ ಬುದ್ಧಿವಂತರಿಗೂ ಒಂದು ಕಡೆಯಿಂದ ಕಾಣದೇ ಇದ್ದದ್ದು, ಹೊರಗೆ ನಿಂತವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದ ತಮಿಳುನಾಡಿನಲ್ಲಿ ಕಾಮರಾಜ್ ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟವರು. 1954ರಲ್ಲಿ ಮುಖ್ಯಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಶಾಲೆ ತೆರೆದರು, ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ಎಸ್ಸೆಸ್ಸೆಲ್ಸಿ ನಿಯಮ ಇದ್ದಿದ್ದರೆ ಅವರು ವಾರ್ಡ್ ಸದಸ್ಯರೂ ಆಗುತ್ತಿರಲಿಲ್ಲ.

ಪರೀಕ್ಷೆ ಪಾಸಾದವರೇ ಆಳಿದರೆ ಹೇಗಿರುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಎಳೆದರು, ಅಷ್ಟೂ ಕಾಲ ಅಧಿಕಾರಿಗಳದೇ ಆಡಳಿತ. ಬೆಂಗಳೂರಿನಲ್ಲೂ ಹಾಗೇ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳ್ವಿಕೆ. ಅಧಿಕಾರಿಗಳು ಕೆಟ್ಟವರು ಅನ್ನುತ್ತಿಲ್ಲ. ನಾನೂ ಆ ಸಾಲಿನಲ್ಲೇ ಇದ್ದವನು, ಅವರ ಮೇಲಿನ ಒತ್ತಡ ನನಗೆ ಗೊತ್ತು. ಆದರೆ ಮೊದಲು ಶಾಲೆಯ ಕೊಠಡಿ ಸೋರಿದರೆ ಜನ ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಸಂತೆಯಲ್ಲಿ, ಮದುವೆ ಮನೆಯಲ್ಲಿ ಅಡ್ಡ ಹಾಕಿ ಕೇಳುತ್ತಿದ್ದರು. ಸದಸ್ಯರಿಗೆ ಮುಂದಿನ ಚುನಾವಣೆಯ ಭಯ ಇತ್ತು. ಆಮೇಲೆ? ಅರ್ಜಿ ಕೊಡುತ್ತಾರೆ, ಸ್ವೀಕೃತಿ ತಗೊಂಡು ಬರುತ್ತಾರೆ. ಅರ್ಜಿ ಎಲ್ಲಿದೆ ಎಂದು ಕೇಳಲು ಹೋಗುವಷ್ಟರಲ್ಲಿ ಅಧಿಕಾರಿ ವರ್ಗವಾಗಿರುತ್ತಾರೆ. ನಿವೃತ್ತನಾದ ನನ್ನ ಮನೆಗೂ ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ. ಬರೆದುಕೊಡುತ್ತೇನೆ. ಅದಕ್ಕಿಂತ ಹೆಚ್ಚಿಗೆ ನನ್ನ ಕೈಯಲ್ಲಿ ಏನಿದೆ?

ಪಂಚಾಯಿತಿ ಹಾಳಾಗುತ್ತಿರುವುದು ಎಲ್ಲಿ ಎಂದು ಕೇಳಿದರೆ ನಾನು ತೋರಿಸುವುದು ದುಡ್ಡಿನ ಕಡೆಗೆ. 2020ರ ಡಿಸೆಂಬರ್ ಚುನಾವಣೆಯ ಹೊತ್ತಿಗೆ ಹಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳು ಹರಾಜಾದ ಸುದ್ದಿ ನಿಮ್ಮಂಥ ಪತ್ರಿಕೆಗಳಲ್ಲೇ ಬಂತು. ದೇವಸ್ಥಾನಕ್ಕೆ ಇಷ್ಟು ಲಕ್ಷ ಎಂದು ಕೂಗಿದವರಿಗೆ ಸ್ಥಾನ, ಉಳಿದವರು ನಾಮಪತ್ರ ಹಾಕುವಂತಿಲ್ಲ. ಇಲ್ಲಿ ಪ್ರಜಾಪ್ರಭುತ್ವವೂ ಹೋಯಿತು, ಅರ್ಹತೆಯೂ ಹೋಯಿತು. ಹರಾಜಿನಲ್ಲಿ ಕೂಗುವವನ ಹತ್ತಿರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದ್ದರೆ ಏನು ಬಂತು?

ಅರ್ಹತೆಯ ನಿಯಮ ಹೊಸದೇನಲ್ಲ. ಕಾಂಚೀಪುರದ ಹತ್ತಿರ ಉತ್ತಿರಮೇರೂರಿನಲ್ಲಿ ದೇವಸ್ಥಾನದ ಗೋಡೆಯ ಮೇಲೆ ಒಂದನೇ ಪರಾಂತಕ ಚೋಳನ ಕಾಲದ, ಸುಮಾರು 920ರ ಹೊತ್ತಿನ ಶಾಸನ ಇದೆ. ಊರಿನ ಸಮಿತಿಗೆ ಬರಲು ಸ್ವಂತ ಜಮೀನು ಇರಬೇಕು, ಸ್ವಂತ ಮನೆ ಇರಬೇಕು, ವಯಸ್ಸು 35 ದಾಟಿರಬೇಕು, 70 ದಾಟಿರಬಾರದು, ವೇದ ಗೊತ್ತಿರಬೇಕು. ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಹುಡುಗನಿಂದ ಎತ್ತಿಸುತ್ತಿದ್ದರು. ಜಮೀನು, ವೇದ ಎಂದ ಕೂಡಲೇ ಊರಿನ ಎಷ್ಟೋ ಜನ ಹೊರಗೆ ಉಳಿದರು ಎಂಬುದು ಗೊತ್ತಾಗುತ್ತದೆ. ಅದನ್ನು ನಾವು ತಗೊಳ್ಳುವುದು ಬೇಡ. ಅದೇ ಶಾಸನದಲ್ಲಿ ಇನ್ನೊಂದು ನಿಯಮ ಇದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ಬರುವಂತಿಲ್ಲ, ಅವನ ಹತ್ತಿರದ ನೆಂಟರೂ ಬರುವಂತಿಲ್ಲ. ನೆಂಟರನ್ನು ಬಿಡಿ, ಅದು ಇಂದಿಗೆ ಆಗದು. ಲೆಕ್ಕದ ಮಾತು ಮಾತ್ರ ನೂರಕ್ಕೆ ನೂರು ನಮಗೆ ಬೇಕಾದದ್ದು.

ಲೆಕ್ಕ ಕೇಳಲು ನಮ್ಮಲ್ಲಿ ದಾರಿ ಇಲ್ಲದಿಲ್ಲ. ವರ್ಷಕ್ಕೊಮ್ಮೆ ಪಂಚಾಯಿತಿ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ಜಮಾಬಂದಿ ಇದೆ, ವಾರ್ಡ್ ಸಭೆ ಇದೆ, ಗ್ರಾಮ ಸಭೆ ಇದೆ. ಅವುಗಳನ್ನು ಸುಮ್ನೆ ಪುಸ್ತಕದಲ್ಲಿ ಸಹಿ ಹಾಕಿಸಿ ಮುಗಿಸುವುದು ನಿಲ್ಲಬೇಕು. ಓದು ಬಾರದ ಸದಸ್ಯರು ಗೆದ್ದು ಬಂದರೆ ಬಿಲ್ಲು, ನಡಾವಳಿ ಎಲ್ಲವನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುವುದು ಪಿಡಿಒ ಕರ್ತವ್ಯ ಎಂದು ಬರೆದು ಹಾಕಲಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿ ಗೆದ್ದ ಮೊದಲ ತಿಂಗಳುಗಳಲ್ಲೇ, ಅಕ್ಷರ ಬಾರದವರಿಗೂ ಅರ್ಥವಾಗುವ ಹಾಗೆ ಸಿಗಲಿ. ಗಂಡ ಬಂದು ಕುರ್ಚಿಯಲ್ಲಿ ಕೂತರೆ ಎಬ್ಬಿಸುವ ಧೈರ್ಯ ಪಿಡಿಒಗೆ ಬರಬೇಕು, ಮೇಲಿನವರು ಅವನ ಬೆನ್ನಿಗೆ ನಿಲ್ಲಬೇಕು. ನಾನು ಎಬ್ಬಿಸಿದ್ದೇನೆ. ಅದಕ್ಕೆ ವರ್ಗಾವಣೆಯನ್ನೂ ಉಂಡಿದ್ದೇನೆ.

ಸರ್ಕಾರಕ್ಕೆ ಮತ್ತು ರಾಜ್ಯ ಚುನಾವಣಾ ಆಯೋಗಕ್ಕೆ ನನ್ನ ಕೋರಿಕೆ ಇಷ್ಟು. ಹಳೆಯ ಸದಸ್ಯರು ಮತ್ತೆ ನಾಮಪತ್ರ ಹಾಕಿದರೆ, ಐದು ವರ್ಷದಲ್ಲಿ ಎಷ್ಟು ಸಭೆಗೆ ಬಂದರು, ಅವರ ವಾರ್ಡಿನಲ್ಲಿ ಯಾವ ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು, ಆಡಿಟ್‌ನಲ್ಲಿ ಅವರ ಹೆಸರಿಗೆ ವಸೂಲಿ ಬಾಕಿ ಇದೆಯೇ ಎಂಬ ಪಟ್ಟಿಯನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿ. ಓದು ಬಾರದ ಮತದಾರರಿಗಾಗಿ ಮತದಾನಕ್ಕೆ ಮೊದಲು ಪ್ರತಿ ವಾರ್ಡಿನಲ್ಲೂ ಡಂಗುರ ಸಾರಿ, ಜನ ಸೇರಿಸಿ ಓದಿ ಹೇಳಿ. ಇದಕ್ಕೆ ಬೇಕಾದ ಎಲ್ಲ ಮಾಹಿತಿಯೂ ಪಂಚಾಯಿತಿಯ ಹಾಜರಿ ಪುಸ್ತಕ, ಎಂ.ಬಿ. ಪುಸ್ತಕ, ಆಡಿಟ್ ವರದಿಯಲ್ಲೇ ಇದೆ. ಹುಡುಕಿ ಬರೆಯಲು ಒಬ್ಬ ಪಿಡಿಒಗೆ ಒಂದು ವಾರ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿಡಿಒ, ಚಿತ್ರದುರ್ಗ ಜಿಲ್ಲೆ