ಟ್ರಾನ್ಸ್‌ಫಾರ್ಮರ್ ಸುಟ್ಟಾಗ ರಿಲೇಯ ಬಗ್ಗೆಯೂ ಕೇಳಿ

ಮಾನ್ಯ ಸಂಪಾದಕರೇ,

ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿದ್ದ ಸುದ್ದಿಗಳು ಹೆಚ್ಚಾಗಿ ಒಂದೇ ಸಾಲಿನಲ್ಲಿ ಮುಗಿಯುತ್ತವೆ: ‘ಶಾರ್ಟ್ ಸರ್ಕ್ಯೂಟ್ ಕಾರಣ ಎನ್ನಲಾಗಿದೆ’. ಸಬ್‌ಸ್ಟೇಷನ್‌ಗಳಲ್ಲಿ ರಿಲೇ (ದೋಷ ಕಂಡರೆ ವಿದ್ಯುತ್ ಕಡಿಯಲು ಆದೇಶ ಕೊಡುವ ಸಾಧನ) ಟೆಸ್ಟಿಂಗ್ ಮಾಡುತ್ತಲೇ ಬಂದಿರುವ ನನಗೆ ಆ ಸಾಲು ಸಾಕಾಗುವುದಿಲ್ಲ. ವೈಂಡಿಂಗ್‌ನ (ಒಳಗಿನ ತಂತಿ ಸುರುಳಿಯ) ಇನ್ಸುಲೇಷನ್ ಒಂದಲ್ಲ ಒಂದು ದಿನ ಸೋಲಬಹುದು. ಆದರೆ ಫಾಲ್ಟ್ ಸಣ್ಣದಿರುವಾಗಲೇ ಬ್ರೇಕರ್ ಟ್ರಿಪ್ ಮಾಡಿಸಿ ವಿದ್ಯುತ್ ಕಡಿಯಲು ಅರ್ಥ್ ಫಾಲ್ಟ್ ರಿಲೇ, ಅಂದರೆ ಕರೆಂಟ್ ನೆಲಕ್ಕೆ ಸೋರುವುದನ್ನು ಹಿಡಿಯುವ ರಿಲೇ, ಇದೆ. ಅದು ಯಾಕೆ ಟ್ರಿಪ್ ಮಾಡಲಿಲ್ಲ ಅಂತ ಕೇಳಬೇಕು, ಅಲ್ವಾ?

‘ಡಿಫರೆನ್ಶಿಯಲ್ ರಿಲೇ ಇದೆಯಲ್ಲ, ಸಾಕು’ ಎಂಬ ಮಾತು ಸೈಟ್‌ಗಳಲ್ಲಿ ತುಂಬಾ ಕೇಳಿದ್ದೇನೆ. ಟ್ರಾನ್ಸ್‌ಫಾರ್ಮರ್‌ನ ಎರಡೂ ಕಡೆಯ ಕರೆಂಟ್ ಹೋಲಿಸಿ ನೋಡುವ ರಿಲೇ ಅದು. ಸಾಕಾಗುವುದಿಲ್ಲ. ಡೆಲ್ಟಾ–ಸ್ಟಾರ್ ಟ್ರಾನ್ಸ್‌ಫಾರ್ಮರ್ (ಒಂದು ಕಡೆಯ ಸುರುಳಿಗಳನ್ನು ತ್ರಿಕೋನದಂತೆ, ಇನ್ನೊಂದು ಕಡೆಯವನ್ನು ನ್ಯೂಟ್ರಲ್ ಎಂಬ ಒಂದೇ ಬಿಂದುವಿಗೆ ಜೋಡಿಸಿದ್ದು) ಒಂದನ್ನು ತೆಗೆದುಕೊಳ್ಳಿ. ಸ್ಟಾರ್ ಕಡೆಯ ನ್ಯೂಟ್ರಲ್‌ಗೆ ರೆಸಿಸ್ಟರ್ ಹಾಕಿ, ಅರ್ಥ್ ಫಾಲ್ಟ್ ಕರೆಂಟನ್ನು ಫುಲ್ ಲೋಡ್ ಕರೆಂಟ್‌ನಷ್ಟಕ್ಕೆ ಕಟ್ಟಿಹಾಕಿದ್ದಾರೆ ಅಂದುಕೊಳ್ಳಿ. ನ್ಯೂಟ್ರಲ್‌ನಿಂದ ಶೇ 20ರಷ್ಟು ದೂರದಲ್ಲಿ ವೈಂಡಿಂಗ್ ಅರ್ಥ್ ಆದರೆ ನ್ಯೂಟ್ರಲ್‌ನಲ್ಲಿ ಹರಿಯುವುದು ಫುಲ್ ಲೋಡ್‌ನ ಶೇ 20ರಷ್ಟು ಕರೆಂಟ್. ಆದರೆ ಆ ಫಾಲ್ಟ್‌ನಲ್ಲಿ ಸಿಕ್ಕಿಕೊಂಡ ಸುತ್ತುಗಳೂ ಐದನೇ ಒಂದು ಭಾಗ ಮಾತ್ರ. ಐದನೇ ಒಂದರ ಐದನೇ ಒಂದು ಅಂದರೆ ಶೇ 4; ಡೆಲ್ಟಾ ಜೋಡಣೆಯಿಂದಾಗಿ ಅದನ್ನು √3ರಿಂದ ಭಾಗಿಸಬೇಕು. ಹಾಗಾಗಿ ಡೆಲ್ಟಾ ಕಡೆಯ ಲೈನ್‌ನಲ್ಲಿ ಕಾಣುವುದು ಆ ಕಡೆಯ ಫುಲ್ ಲೋಡ್‌ನ ಸುಮಾರು ಶೇ 2.3 ಅಷ್ಟೇ. ಡಿಫರೆನ್ಶಿಯಲ್ ಪಿಕಪ್ (ರಿಲೇ ಎಚ್ಚೆತ್ತುಕೊಳ್ಳುವ ಮಟ್ಟ) ಶೇ 20ಕ್ಕೆ ಇಟ್ಟಿದ್ದರೆ ಅದಕ್ಕೆ ಇದು ಕಾಣುವುದೇ ಇಲ್ಲ. ಲೆಕ್ಕ ಹಾಕಿದರೆ ನ್ಯೂಟ್ರಲ್ ಕಡೆಯಿಂದ ಅರ್ಧಕ್ಕಿಂತ ಜಾಸ್ತಿ ವೈಂಡಿಂಗ್ ಕಾವಲಿಲ್ಲದೆ ಉಳಿಯುತ್ತದೆ.

ಈ ಜಾಗವನ್ನು ಕಾಯುವುದೇ ರೆಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್ ರಿಲೇ. ನಾವು ಆರ್‌ಇಎಫ್ ಅನ್ನುತ್ತೇವೆ. ಮೂರು ಫೇಸ್‌ಗಳ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಅಳೆಯುವಷ್ಟಕ್ಕೆ ಇಳಿಸಿಕೊಡುವ ಸಾಧನ) ಕರೆಂಟ್‌ಗಳ ಮೊತ್ತವನ್ನು ನ್ಯೂಟ್ರಲ್ ಸಿ.ಟಿ.ಯ ಕರೆಂಟ್ ಜೊತೆ ಅದು ತೂಗಿ ನೋಡುತ್ತದೆ. ಫಾಲ್ಟ್ ಹೊರಗಿದ್ದರೆ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಒಳಗಿದ್ದರೆ ವ್ಯತ್ಯಾಸ ಉಳಿಯುತ್ತದೆ. ಸೆಟ್ಟಿಂಗ್ ಶೇ 10 ಇದ್ದರೆ ಇದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ವೈಂಡಿಂಗ್‌ನ ಶೇ 90ರಷ್ಟು ಭಾಗ ಅದರ ಕಣ್ಗಾವಲಿಗೆ ಬರುತ್ತದೆ. ಹೊರಗಿನ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ರಿಲೇಗಳಿಗಾಗಿ ಅದು ಕಾಯಬೇಕಾಗಿಲ್ಲ, ತಕ್ಷಣ ಟ್ರಿಪ್ ಕೊಡಬಹುದು. ನ್ಯೂಟ್ರಲ್‌ನಲ್ಲಿ ಬ್ಯಾಕಪ್ ಆಗಿ ಇಡುವ ರಿಲೇಗೆ ಆ ಅನುಕೂಲವಿಲ್ಲ. ಫೀಡರ್ ಫಾಲ್ಟ್ ಅದಕ್ಕೂ ಕಾಣುತ್ತದೆ, ಆದ್ದರಿಂದ ಅದನ್ನು ನಿಧಾನವಾಗಿಯೇ ಇಡಬೇಕು.

ನನ್ನ ಸಿಟ್ಟು ಇರುವುದು ಇಲ್ಲಿ. ಇಷ್ಟು ಒಳ್ಳೆಯ ರಿಲೇಯನ್ನು ಎಷ್ಟೋ ಕಡೆ ‘ಆಫ್’ ಮಾಡಿಟ್ಟಿರುತ್ತಾರೆ. ನಾನು ಹೋಗಿದ್ದ ಒಂದು ಸಬ್‌ಸ್ಟೇಷನ್‌ನಲ್ಲಿ ಹೊರಗಿನ ಲೈನ್ ಅರ್ಥ್ ಆದಾಗಲೆಲ್ಲ ಟ್ರಾನ್ಸ್‌ಫಾರ್ಮರ್ ಕೂಡ ಟ್ರಿಪ್ ಆಗುತ್ತಿತ್ತಂತೆ. ‘ರಿಲೇ ಸುಮ್‌ಸುಮ್ನೆ ಬೀಳುತ್ತೆ ಸಾರ್’ ಅಂದರು. ಆರ್‌ಇಎಫ್ ಬ್ಲಾಕ್ ಮಾಡಿದ್ದರು. ಟೆಸ್ಟ್ ರಿಪೋರ್ಟ್ ಪೂರ್ತಿ ‘ಓಕೆ’ ಇತ್ತು. ಆ ರಿಪೋರ್ಟ್ ಸುಳ್ಳಲ್ಲ. ಕಿಟ್‌ನಿಂದ ರಿಲೇಗೆ ನೇರವಾಗಿ ಕರೆಂಟ್ ಕೊಟ್ಟು ನೋಡಿದರೆ ರಿಲೇ ಸರಿಯಾಗಿಯೇ ಕೆಲಸ ಮಾಡುತ್ತದೆ. ಸಿ.ಟಿ. ಕಡೆಯ ವೈರಿಂಗ್ ಆ ಪರೀಕ್ಷೆಗೆ ಸಿಗುವುದೇ ಇಲ್ಲ. ಪ್ರೈಮರಿಯಲ್ಲಿ ಕಡಿಮೆ ವೋಲ್ಟೇಜ್ ಕೊಟ್ಟು, ಹೊರಗಡೆ ಒಂದು ಫೇಸ್ ಅರ್ಥ್ ಮಾಡಿ ಅಳೆದೆವು. ಸೊನ್ನೆಯ ಹತ್ತಿರ ಇರಬೇಕಾದ ಸ್ಪಿಲ್ ಕರೆಂಟ್, ಅಂದರೆ ರಿಲೇಗೆ ಉಳಿಯುವ ವ್ಯತ್ಯಾಸ, ನ್ಯೂಟ್ರಲ್ ಸಿ.ಟಿ.ಯ ಕರೆಂಟ್‌ನ ಎರಡು ಪಟ್ಟು ಬಂತು. ನ್ಯೂಟ್ರಲ್ ಸಿ.ಟಿ.ಯ ಎಸ್1, ಎಸ್2 ವೈರ್‌ಗಳು ಅದಲುಬದಲಾಗಿದ್ದವು; ಕಳೆದುಕೊಳ್ಳಬೇಕಾದ ಕರೆಂಟ್‌ಗಳು ಕೂಡಿಕೊಳ್ಳುತ್ತಿದ್ದವು. ತಿರುಗಿಸಿ ಹಾಕಿದ ಮೇಲೆ ಸ್ಪಿಲ್ ಕೆಲವೇ ಮಿಲಿಆಂಪ್‌ಗೆ ಇಳಿಯಿತು. ರಿಲೇ ಮತ್ತೆ ಆನ್ ಆಯಿತು. ಅಲ್ಲಿಯವರೆಗೆ ಆ ಟ್ರಾನ್ಸ್‌ಫಾರ್ಮರ್ ಯಾವ ಕಾವಲಿನಲ್ಲಿ ಓಡುತ್ತಿತ್ತು, ಯೋಚಿಸಿ.

ಇನ್ನೊಂದು ರೋಗ, ಸೆಟ್ಟಿಂಗ್ ಶೀಟ್ ನಕಲು ಮಾಡುವುದು. ಆರ್‌ಇಎಫ್‌ನ ಹೈ ಇಂಪೀಡೆನ್ಸ್ ಪದ್ಧತಿಯಲ್ಲಿ (ರಿಲೇಯ ದಾರಿಯಲ್ಲಿ ದೊಡ್ಡ ರೆಸಿಸ್ಟೆನ್ಸ್ ಇಡುವ ವಿಧಾನ) ಸಿ.ಟಿ.ಯ ರೆಸಿಸ್ಟೆನ್ಸ್, ಕೇಬಲ್‌ನ ರೆಸಿಸ್ಟೆನ್ಸ್ ಎರಡನ್ನೂ ಅಳೆದು ವೋಲ್ಟೇಜ್ ಸೆಟ್ಟಿಂಗ್ ಲೆಕ್ಕ ಹಾಕಬೇಕು. ಸಿ.ಟಿ.ಯ ನೀ ಪಾಯಿಂಟ್ ವೋಲ್ಟೇಜ್ (ಇದನ್ನು ದಾಟಿದರೆ ಸಿ.ಟಿ. ಸರಿಯಾಗಿ ಅಳೆಯುವುದಿಲ್ಲ) ಆ ಸೆಟ್ಟಿಂಗ್‌ನ ಎರಡು ಪಟ್ಟಾದರೂ ಇರಬೇಕು. ಪಕ್ಕದ ಟ್ರಾನ್ಸ್‌ಫಾರ್ಮರ್‌ನ ಸಂಖ್ಯೆ ಇಲ್ಲಿಗೆ ಹೊಂದುತ್ತದೆ ಎಂಬ ಖಾತ್ರಿ ಇಲ್ಲ. ಹೊಸ ನ್ಯೂಮೆರಿಕಲ್ (ಡಿಜಿಟಲ್) ರಿಲೇಗಳು ಬೇರೆ ಬೇರೆ ರೇಷಿಯೋ ಇರುವ ಸಿ.ಟಿ.ಗಳನ್ನೂ ಒಪ್ಪುತ್ತವೆ, ನಿಜ. ಆದರೆ ನ್ಯೂಟ್ರಲ್ ಸಿ.ಟಿ. 400/1 (400 ಆಂಪ್‌ಗೆ 1 ಆಂಪ್) ಇದ್ದು, ರಿಲೇಯಲ್ಲಿ ಫೇಸ್ ಸಿ.ಟಿ.ಯ 800/1 ಅನ್ನೇ ತುಂಬಿದರೆ ತೂಕ ಹೇಗೆ ಸರಿಹೋದೀತು?

ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡುವ ಮುಂಚೆ ಪ್ರೈಮರಿ ಇಂಜೆಕ್ಷನ್ (ರಿಲೇಗೆ ನೇರವಾಗಿ ಅಲ್ಲದೆ ಸಿ.ಟಿ.ಗಳ ಮೂಲಕವೇ ಕರೆಂಟ್ ಹರಿಸುವ ಪರೀಕ್ಷೆ) ಮಾಡಿ, ಹೊರಗಿನ ಫಾಲ್ಟ್‌ಗೆ ಬಂದ ಸ್ಪಿಲ್ ಎಷ್ಟು, ಒಳಗಿನ ಫಾಲ್ಟ್‌ಗೆ ಬಂದದ್ದು ಎಷ್ಟು ಅಂತ ಎರಡೂ ರೀಡಿಂಗ್ ಬರೆದಿಡುವುದು ಕಡ್ಡಾಯವಾಗಬೇಕು. ರಿಲೇ ಸರಿಯಿಲ್ಲ ಅನ್ನಿಸಿದರೆ ಬ್ಲಾಕ್ ಮಾಡಿದವರ ಸಹಿ, ಮತ್ತೆ ಆನ್ ಮಾಡುವ ದಿನಾಂಕ ಲಾಗ್ ಪುಸ್ತಕದಲ್ಲಿ ಇರಬೇಕು.

ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ ಅಧಿಕಾರಿಗಳನ್ನು ಎರಡು ಪ್ರಶ್ನೆ ಕೇಳಿ: ಆರ್‌ಇಎಫ್ ಆನ್ ಇತ್ತೇ? ರಿಲೇಯ ಫಾಲ್ಟ್ ರೆಕಾರ್ಡ್ ತೆಗೆದುಕೊಂಡಿರಾ? ನ್ಯೂಮೆರಿಕಲ್ ರಿಲೇ ಇದ್ದಲ್ಲಿ ಕರೆಂಟ್‌ನ ಅಲೆಯೂ ಟ್ರಿಪ್ ಆದ ಸಮಯವೂ ಮಿಲಿಸೆಕೆಂಡ್ ಲೆಕ್ಕದಲ್ಲಿ ಅದರ ಮೆಮೊರಿಯಲ್ಲಿ ಇರುತ್ತವೆ. ಹೊಸ ಘಟನೆಗಳು ಅದರ ಮೇಲೆ ಬರೆದುಕೊಳ್ಳುವ ಮುಂಚೆ ಅದನ್ನು ಇಳಿಸಿಕೊಳ್ಳಬೇಕು.

– ಒಬ್ಬ ರಿಲೇ ಟೆಸ್ಟಿಂಗ್ ಎಂಜಿನಿಯರ್